ಮೆಣಸಿನಕಾಯಿಗೆ ಬಿದ್ದ ಕೆಂಪು ಕಾಟು

ನಾನು ಮೊದಲ ಸಲ ಊರು ಬಿಟ್ಟದ್ದು ಒಂದು ಗುರುವಾರ. ಏಳನೇ ಇಯತ್ತೆಯ ಮಾಸ್ತರು ಬೋರ್ಡಿನ ಕಡೆ ತಿರುಗಿದರು, ನಾನು ಮೋಟೆಬೆನ್ನೂರಿನ ಹೈವೇ ಕಡೆ ತಿರುಗಿದೆ. ಆಮೇಲೆ ಲಾರಿ ಕ್ಲೀನರ್ ಆದೆ, ಹಾವೇರಿಯಲ್ಲಿ ಚಹಾ ಸೋಸಿದೆ, ಟೈಪಿಂಗ್ ಕಲಿತೆ. ಎಲ್ಲಿ ಹೋದರೂ ಫಜೀತಿ ನನಗಿಂತ ಮೊದಲೇ ಬಸ್ಸಿಳಿದು ಕಾದಿರುತ್ತದೆ. ಟೈಪಿಸ್ಟನಾಗಿ ಸೇರಿದ ರಾಣೆಬೆನ್ನೂರಿನ ಕಂಪ್ಯೂಟರ್ ಸೆಂಟರಿನಲ್ಲೂ ಹಾಗೇ ಆಯಿತು.

೧. ತಿರುವಿದ ಮೀಸೆ

ಸೆಂಟರಿಗೆ ಮಾಲಕರೂ ಮಾಸ್ತರೂ ಒಬ್ಬರೇ ಮೇಡಂ. ಅವರು ವೆಬ್ ಪುಟದ ಕೋಡನ್ನು ಹಾಳೆಯ ಮೇಲೆ ಬರೆದುಕೊಡುವರು. ನಾನು ಅದನ್ನು ಪತ್ರ ಬರೆಯುವ ವರ್ಡಿನಲ್ಲಿ ಟೈಪು ಮಾಡುವೆ. ಅವರು ಅದನ್ನೆತ್ತಿ ನೋಟ್‌ಪ್ಯಾಡಿಗೆ ಅಂಟಿಸುವರು. ಮಾತಿನ ಹಿಂದೆ ಮುಂದೆ ಹಾಕುವ ಕೋಟ್ ಚಿಹ್ನೆಯನ್ನು ನಾನು ಒತ್ತಿದರೆ ಸಾಕು, ವರ್ಡು ಅದನ್ನು ಮೀಸೆಯಂತೆ ತಿರುವಿ ಕೂರಿಸುತ್ತಿತ್ತು. ನನ್ನ ಕೈಗುಣವೇ ಇರಬೇಕೆಂದು ಹಿಗ್ಗಿದ್ದೆ.

ಹಾಗೆ ಅಂಟಿಸಿದ ಪುಟದಲ್ಲಿ ಒಂದು ಲಿಂಕೂ ತೆರೆಯಲಿಲ್ಲ. ಕಲಿಯಲು ಬರುತ್ತಿದ್ದ ಪೋಸ್ಟ್‌ಮನ್ ಕಾಕಾ ಹತ್ತು ಸಲ ಒತ್ತಿ ನೋಡಿ ಎದ್ದರು. "ಮೇಡಂ, ವಿಳಾಸ ಖರೇ ಐತಿ, ಮನಿ ಸಿಗವಲ್ದು. ಇಷ್ಟೊತ್ತಿಗೆ ನಾ ಸೈಕಲ್ ಮ್ಯಾಲೆ ಹೋಗಿ ಮುಟ್ಟಿಸಿ ಬರ್ತಿದ್ದೆ!"

೨. ರಿಜೆಕ್ಟ್

ಬ್ಯಾಡಗಿಯ ಮೆಣಸಿನಕಾಯಿ ಸಾವ್ಕಾರರೊಬ್ಬರು ತಮ್ಮ ಮಾಲಿನ ಫೋಟೋ ಇರುವ ವೆಬ್ ಪುಟ ಕೇಳಿದರು. ಹೊರಗಿನ ಖರೀದಿದಾರರು ಮರುದಿನವೇ ಬರುವವರಿದ್ದರು. "ಇದು ಕೈತಪ್ಪಿದ್ರ ಸೆಂಟರಿಗೆ ಕೀಲಿ ಹಾಕೋದ" ಎಂದರು ಮೇಡಂ.

ಸಾವ್ಕಾರರ ಅಂಗಡಿಯ ಕಂಪ್ಯೂಟರಿನಲ್ಲಿ ಪುಟ ತೆರೆದೆವು. ಫೋಟೋ ಇರಬೇಕಾದಲ್ಲಿ ಖಾಲಿ ಚೌಕ, ಅದರೊಳಗೆ ತಪ್ಪು ಉತ್ತರಕ್ಕೆ ಮಾಸ್ತರು ಹೊಡೆಯುವಂಥ ಕೆಂಪು ಕಾಟು.

ಸಾವ್ಕಾರರು ಗಾದಿಯಿಂದ ಎದ್ದೇಬಿಟ್ಟರು. "ಏನ್ರೀ ಮೇಡಂ! ಕೊಳ್ಳಾವ್ರು ಬರೂಕಿಂತ ಮೊದ್ಲ ನೀವ ನನ್ನ ಮಾಲು ರಿಜೆಕ್ಟ್ ಮಾಡೀರಲ್ಲ! ಸಂಜಿತನಾ ಟೈಮ್ ಕೊಟ್ಟೇನಿ."

೩. ಎರಡು ಜಾತಿ ಮಾಲು

ಕೋಡಿನ ಪ್ರಿಂಟ್ ಹಿಡಿದು ಅಂಗಡಿಯ ಕಟ್ಟೆಯ ಮೇಲೆ ಕುಳಿತೆವು. ಒಂದು ಸಾಲು ಓದುವುದು, ಮೆಣಸಿನ ಘಾಟಿಗೆ ಎರಡು ಸಲ ಸೀನುವುದು. ಮೇಡಂ ನನಗೆ ಒಂದು ಬಿರುಸು ಮಾತೂ ಆಡಲಿಲ್ಲ. ಅಂಥ ತಾಳ್ಮೆಯನ್ನು ನಾನು ಯಾವ ಊರಲ್ಲೂ ಕಂಡಿಲ್ಲ.

ಪಕ್ಕದಲ್ಲಿ ಕಾಯಿ ಆರಿಸುತ್ತಿದ್ದ ಕೂಲಿ ಅವ್ವನೊಬ್ಬಳು ಕೇಳಿದಳು, "ಏನ್ ಹುಡುಕಾಕತ್ತೀರವಾ?"

"ತಪ್ಪು ಹುಡುಕಾಕತ್ತೇವಿ" ಎಂದರು ಮೇಡಂ.

"ತಾ ಇಲ್ಲೆ."

ಹಾಳೆಯನ್ನು ತಲೆಕೆಳಗಾಗಿ ಹಿಡಿದಳು. ಒಂದು ಕ್ಷಣ ಕಣ್ಣಾಡಿಸಿ ಬೆರಳಿಟ್ಟಳು. "ಈ ಸಣ್ಣ ಗೀಟು ಕೆಲವು ನೆಟ್ಟಗದಾವ, ಕೆಲವು ಸೊಟ್ಟದಾವ. ಒಂದ ಚೀಲದಾಗ ಎರಡು ಜಾತಿ ಮಾಲು ಯಾಕ ತುಂಬೀರಿ?"

ಮೇಡಂ ಹಾಳೆಗೆ ಬಗ್ಗಿದರು. ನೆಟ್ಟಗಿದ್ದವು ಅವರೇ ನೋಟ್‌ಪ್ಯಾಡಿನಲ್ಲಿ ಒತ್ತಿದ್ದವು. ಸೊಟ್ಟವೆಲ್ಲ ನನ್ನ ಮೀಸೆಗಳು! "ಕೋಡಿಗೆ ನೆಟ್ಟಗಿನ ಕೋಟ ಬೇಕು, ಸೊಟ್ಟದ್ದು ನಡ್ಯಂಗಿಲ್ಲ!" ಎನ್ನುತ್ತ ಮೇಡಂ ಕಂಪ್ಯೂಟರಿಗೆ ಓಡಿಹೋಗಿ ಒಂದೊಂದನ್ನೇ ನೆಟ್ಟಗೆ ಒತ್ತಿದರು. ಕಾಟು ಹೋಗಿ ಕೆಂಪನೆ ಮೆಣಸಿನಕಾಯಿ ಬಂತು.

ಸಾವ್ಕಾರರು ಕನ್ನಡಕ ಏರಿಸಿದರು. "ಕಾಯಿ ಸೊಟ್ಟ ಐತಲ್ರೀ. ಅದನ್ನೂ ನೆಟ್ಟಗ ಮಾಡ್ರಲಾ."

ಅವ್ವ ಹೊರಗಿನಿಂದಲೇ ಕೂಗಿದಳು, "ನೆಟ್ಟಗ ಮಾಡಿದ್ರ ಬ್ಯಾಡಗೀದಂತ ಯಾರ್ ನಂಬ್ತಾರ್ರಿ ಸಾವ್ಕಾರ್ರ?"

೪. ಆರಿಸಿದ್ದು

ಸೆಂಟರ್ ಉಳಿಯಿತು. ಎಂಟು ದಿನ ಕುಳಿತು ಹಳೆಯ ಪಾಠಗಳ ಮೀಸೆಗಳನ್ನೆಲ್ಲ ಬೋಳಿಸಿದೆ. ಅಷ್ಟರಲ್ಲಿ ನನ್ನ ಕಾಲು ತುರಿಸತೊಡಗಿತು. ಊರು ಬಿಡಲು ನನ್ನ ಬಟ್ಟೆಯ ಚೀಲ ತುಂಬುತ್ತಿದ್ದಾಗ, ಸಂತೆಗೆ ಬಂದ ಆ ಅವ್ವ ಸೆಂಟರಿನಲ್ಲಿ ಇಣುಕಿದಳು.

"ಇವನನ್ನೊಮ್ಮೆ ಆರಿಸಿ ಹೇಳವ್ವಾ. ಹಿಡಕೊಂಡ್ರ ನಿಲ್ತಾನೇನು?" ಎಂದರು ಮೇಡಂ.

ಅವ್ವ ನನ್ನನ್ನು ಕೆಳಗಿನಿಂದ ಮೇಲಿನತನಕ ನೋಡಿದಳು. "ಬಣ್ಣ ಚಲೋ ಐತ್ರಿ. ಆದ್ರ ಪಕ್ಕಾ ಸೊಟ್ಟ ಮಾಲು. ಚೀಲದ ಬಾಯಿ ಎಷ್ಟ ಹೊಲದ್ರೂ ಹೊರಗ ಇಣುಕತೈತಿ."

ನಾನು ಚೀಲದ ಬಾಯಿ ಬಿಗಿದೆ. ಅಂಗಿಯ ಒಂದು ತೋಳು ಹೊರಗೇ ಉಳಿಯಿತು.