ಇನ್ನೂರ ಹನ್ನೊಂದನೇ ಪುಟದ ರೊಟ್ಟಿ

ಪ್ರೊಫೆಸರ್ ಎರ್ರಿಸ್ವಾಮಿಯವರ ಅಭಿನಂದನ ಗ್ರಂಥಕ್ಕೆ ಬರಬೇಕಾದ ಲೇಖನಗಳೆಲ್ಲ ಬಂದಿದ್ದವು, ಒಂದು ಬಿಟ್ಟು. ಆ ಒಂದನ್ನು ಬರೆಯಬೇಕಾದವರು ಬಳ್ಳಾರಿಯ ಪಾರ್ವತಿನಗರದ ಅವರದೇ ಮನೆಯಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು.

ಎರ್ರಿಸ್ವಾಮಿಯವರು ವಿಶ್ವವಿದ್ಯಾಲಯದಲ್ಲಿ ಮೂವತ್ತು ಚಿಲ್ಲರೆ ವರ್ಷ ಶಾಸನಗಳ ಪಾಠ ಹೇಳಿ ನಿವೃತ್ತರಾದವರು. ಅವರ ಕೀರ್ತಿಯೆಲ್ಲ ಒಂದು ಕಲ್ಲಿನ ಮೇಲೆ ನಿಂತಿತ್ತು. ಕುರುಗೋಡಿನ ಹಾಳುಗುಡಿಯೊಂದರ ಹಿಂದೆ ಎಮ್ಮೆ ಮೈ ತಿಕ್ಕಿಕೊಳ್ಳುತ್ತಿದ್ದ ಕಲ್ಲನ್ನು ಶಾಸನವೆಂದು ಗುರುತಿಸಿ, ಓದಿ, ಲೋಕಕ್ಕೆ ಸಾರಿದ್ದರು. (ಎಮ್ಮೆ ಆಮೇಲೆ ಏನು ಮಾಡಿತು ಎಂಬ ಬಗ್ಗೆ ಯಾರೂ ಸಂಶೋಧನೆ ನಡೆಸಿಲ್ಲ.) "ಬಾಯಿಮಾತು ಗಾಳಿಗೆ ಹೋಗ್ತೈತಿ, ಬರದಿಟ್ಟದ್ದ ಪ್ರಮಾಣ" ಎಂದು ತರಗತಿಯಲ್ಲೂ ಮನೆಯಲ್ಲೂ ಕಾಯಿಪಲ್ಲೆ ಅಂಗಡಿಯಲ್ಲೂ ಹೇಳುವುದು ಅವರ ವಾಡಿಕೆ. ತುಂಬಿದ ಸಭೆಯಲ್ಲಿ ದೊಡ್ಡವರೊಬ್ಬರು ಆ ಕಲ್ಲಿನ ಬಗ್ಗೆ ನಾಲ್ಕು ಮಾತಾಡಬೇಕು, ತಾವು ತಲೆ ತಗ್ಗಿಸಿ ಕೂತು ಕೇಳಬೇಕು. ಅವರಿಗಿದ್ದ ಆಸೆ ಇದೊಂದೇ.

ಗ್ರಂಥದ ಸಂಗತಿ ಸನ್ಮಾನಿತರಿಗೆ ತಿಳಿದಿರಬಾರದು ಎಂಬುದು ಸಂಪ್ರದಾಯ. ಎರ್ರಿಸ್ವಾಮಿಯವರಿಗೂ ಏನೂ ತಿಳಿದಿರಲಿಲ್ಲ. ನಲವತ್ತೊಂದು ಲೇಖನಗಳ ಕರಡು ತಿದ್ದಿದವರು ಮಾತ್ರ ಅವರೇ. 'ವಿದ್ವಾಂಸರು' ಎಂದಿದ್ದ ಕಡೆಯೆಲ್ಲ 'ಅಪ್ರತಿಮ' ಎಂದು ಸೇರಿಸಿದ್ದು ಬರೀ ವಾಕ್ಯದ ಲಯಕ್ಕಾಗಿ.

"ಮೇಡಂ ಅವರ ಲೇಖನ ಇಲ್ದ ಅಭಿನಂದನ ಗ್ರಂಥ ಎಲ್ಲೈತ್ರಿ ಸರ್? ಉಪ್ಪಿಲ್ದ ಸಾರಾಗ್ತೈತಿ" ಎಂದು ಸಂಪಾದಕ ಸಿದ್ದಲಿಂಗೇಶ್ ಮೂರು ಸಲ ಫೋನು ಮಾಡಿದ್ದ. ಹಳೆಯ ಶಿಷ್ಯ, ಈಗ ಸಿರುಗುಪ್ಪದ ಕಾಲೇಜಿನಲ್ಲಿ ತಾನೇ ತಲೆ ನರೆತ ಮೇಷ್ಟ್ರು.

ಪ್ರೊಫೆಸರರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ನನ್ನ ಬಗ್ಗೆ ಎರಡು ಪುಟ ಬರದುಕೊಡು."

"ನಂಗ ಬರಿಯಾಕ ಬರಂಗಿಲ್ರಿ" ಎಂದರು ಹೆಂಡತಿ ಕೊಟ್ರಬಸಮ್ಮ. "ಹೇಳ್ತೀನಿ, ನೀವ ಬರಕೊಳ್ರಿ. ಮದ್ವಿ ಆದ ವರ್ಸ ತವರಮನಿಗೆ ಅಂತ ಕುರುಗೋಡಿಗೆ ಕರಕೊಂಡು ಹೋಗಿ ಕಲ್ಲು ತಿಕ್ಕಾಕ ಹಚ್ಚಿದ್ರಿ. ಹದಿನೇಳು ಕೊಡ ನೀರು ಹೊತ್ತೀನಿ. ಸಗಣಿ ಕೆರದು ತೊಳದ ಮ್ಯಾಲ ಅಕ್ಷರ ಕಂಡ್ವು. ಅದನ್ನ ಬರೀರಿ."

"ಅದು ವಿದ್ವತ್ ಗ್ರಂಥ. ಅದರಾಗ ಸಗಣಿ ಯಾಕ?"

"ಹಂಗಾರ ನಿಮಗ ತಿಳದಂಗ ಮಾಡ್ರಿ" ಎಂದು ಅವರು ರೊಟ್ಟಿಯ ಮೇಲೆ ಕೈ ಹಾಕಿದರು. ಆ ಏಟು ಬರೀ ರೊಟ್ಟಿಗೆಂದು ಹಾಕಿದ್ದಲ್ಲ.

ಪ್ರೊಫೆಸರರು ತಿಳಿದಂತೆಯೇ ಮಾಡಿದರು. 'ನಾ ಕಂಡ ನನ್ನ ಪತಿ' ಎಂದು ತಲೆಬರಹ ಕೊಟ್ಟು, ಕೆಳಗೆ ಶ್ರೀಮತಿ ಕೊಟ್ರಬಸಮ್ಮ ಎಂದು ಹಾಕಿ, ನಡುವೆ ಎರಡು ಪುಟ ತುಂಬಿದರು. ಬರೆಯುತ್ತ ಬರೆಯುತ್ತ ಹೆಂಡತಿಯ ಮೇಲೆ ಪ್ರೀತಿ ಉಕ್ಕಿ ಬಂತು. ಗಂಡನನ್ನು ಇಷ್ಟು ಚೆಂದ ಹೊಗಳುವ ಹೆಂಡತಿ ಎಷ್ಟು ಜನಕ್ಕುಂಟು? 'ಬೆಳಗಿನ ಚಹಾ ಅವರದೇ ಕೈಯದು' ಎಂದು ಬರೆದರು. 'ಭಾನುವಾರ ನನ್ನನ್ನು ಅಡಿಗೆಮನೆಗೆ ಕಾಲಿಡಗೊಡದೆ ತಾವೇ ರೊಟ್ಟಿ ಬಡಿಯುತ್ತಾರೆ' ಎಂದೂ ಬರೆದರು. (ದೇಶನೂರಿನ ಭತ್ತದ ಗದ್ದೆಗಳ ನಡುವೆ ಅನ್ನ ಉಂಡು ಬೆಳೆದ ಈ ಮಹನೀಯರು ಜೋಳದ ಹಿಟ್ಟು ಮುಟ್ಟಿದ್ದು ಒಂದೇ ಸಲ, ಡಬ್ಬಿ ಕಾಲಿಗೆ ಎಡವಿ ಉರುಳಿದಾಗ.) ಕೊನೆಗೆ 'ಅವರ ಸಂಶೋಧನೆಗೆ ನಾನೆಂದೂ ಅಡ್ಡಿಯಾಗಲಿಲ್ಲ, ಇದೇ ನನ್ನ ಅಳಿಲುಸೇವೆ' ಎಂದು ಮುಗಿಸಿ ಸಿದ್ದಲಿಂಗೇಶನಿಗೆ ಕಳಿಸಿದರು.

ಶನಿವಾರ ಬಳ್ಳಾರಿಯಲ್ಲಿ ಸಮಾರಂಭ. ಸಭಾಂಗಣ ತುಂಬಿತ್ತು. ಗ್ರಂಥ ಬಿಡುಗಡೆಯಾಗಿ ವೇದಿಕೆಯ ಮೇಲಿದ್ದವರಿಗೆಲ್ಲ ಒಂದೊಂದು ಪ್ರತಿ ಸಿಕ್ಕಿತು. ಕೊಟ್ರಬಸಮ್ಮ ಕನ್ನಡಕ ಹಾಕಿಕೊಂಡು ಪರಿವಿಡಿ ನೋಡಿದರು. ತಮ್ಮ ಹೆಸರು ಕಂಡಿತು. ಇನ್ನೂರ ಹನ್ನೊಂದನೇ ಪುಟ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. ಪಕ್ಕದಲ್ಲಿ ಕೂತ ಎರ್ರಿಸ್ವಾಮಿಯವರಿಗೆ ಹೊದಿಸಿದ ಶಾಲಿನೊಳಗೆ ಬೆವರು ಹರಿಯಿತು. ಬೆರಳು ರೊಟ್ಟಿಯ ಸಾಲಿನ ಹತ್ತಿರ ಬಂದಾಗ ಕೊಟ್ರಬಸಮ್ಮ ಮುಸಿಮುಸಿ ನಕ್ಕರು. ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು, ನಗು ಹೋಯಿತು.

ಮುಖ್ಯ ಅತಿಥಿಗಳು ಮಾತಿಗೆ ಎದ್ದರು. ಐನೂರು ಪುಟದ ಗ್ರಂಥದಲ್ಲಿ ಅವರು ಕಾರಿನಲ್ಲಿ ಕೂತು ಓದಿದ್ದು ಎರಡೇ ಪುಟ. ಯಾವ ಎರಡು ಎಂದು ಬೇರೆ ಹೇಳಬೇಕಾಗಿಲ್ಲ. "ಕುರುಗೋಡಿನ ಕಲ್ಲಿನ ವಿಚಾರ ತಮಗೆಲ್ಲ ಗೊತ್ತೇ ಇದೆ" ಎಂದು ಕಲ್ಲನ್ನು ಅರ್ಧ ವಾಕ್ಯದಲ್ಲಿ ಮುಗಿಸಿ, "ಆದರೆ ರೊಟ್ಟಿ ಬಡಿಯುವ ಪ್ರೊಫೆಸರರನ್ನು ನಾನು ಇವತ್ತೇ ನೋಡಿದ್ದು" ಎಂದು ಅರ್ಧ ಗಂಟೆ ಮಾತಾಡಿದರು. ಹೆಣ್ಣುಮಕ್ಕಳ ಸಾಲಿನಿಂದ ಬಿದ್ದ ಚಪ್ಪಾಳೆಗೆ ಫ್ಯಾನಿನ ಸದ್ದು ಅಡಗಿತು. ಎರ್ರಿಸ್ವಾಮಿಯವರು ತಲೆ ತಗ್ಗಿಸಿ ಕೂತಿದ್ದರು. ಆಸೆಯಲ್ಲಿ ಅಷ್ಟು ಮಾತ್ರ ನೆರವೇರಿತು.

ಸಿದ್ದಲಿಂಗೇಶ್ ಭಕ್ತಿಯಿಂದ ಮೈಕನ್ನು ಮೇಡಂ ಕೈಗೆ ಕೊಟ್ಟ. ಅವರು ಎರಡೇ ಮಾತಾಡಿದರು.

"ನಾನು ಬರದಿದ್ದೆಲ್ಲ ಖರೇ ಐತ್ರಿ. ನಾಳಿ ಆಯಿತ್ವಾರ, ಸರ್ ಕೈ ರೊಟ್ಟಿ ತಿನ್ನಾಕ ಬರ್ರಿ."

ಆಟೋದಲ್ಲಿ ಬರುವಾಗ ಪ್ರೊಫೆಸರರು, "ಏನಿದು ನೀ ಮಾಡಿದ್ದು? ಸುಳ್ಳು ಅಂತ ನಿಂಗ ಗೊತ್ತಿಲ್ಲೇನು?" ಎಂದು ಹಲ್ಲು ಕಚ್ಚಿದರು.

"ನಂದು ಬಾಯಿಮಾತು, ಗಾಳಿಗೆ ಹೋಗ್ತೈತಿ. ಬರದಿಟ್ಟದ್ದ ಪ್ರಮಾಣ. ನೀವ ಅಂತಿದ್ರಲ್ಲ?"

ಭಾನುವಾರ ಸಿರುಗುಪ್ಪ, ಸಿರಿಗೇರಿ ಕಡೆಯಿಂದ ಬಸ್ಸು ಹಿಡಿದು ಹನ್ನೊಂದು ಮಂದಿ ಶಿಷ್ಯರು ಬಂದರು, ಸಿದ್ದಲಿಂಗೇಶನೇ ಮುಂದೆ. ಎರ್ರಿಸ್ವಾಮಿಯವರು ಹಿಟ್ಟಿಗೆ ನೀರು ಹೆಚ್ಚು ಹಾಕಿದರು, ನೀರಿಗೆ ಹಿಟ್ಟು ಹೆಚ್ಚು ಹಾಕಿದರು, ಹೆಂಚಿಗೆ ಎರಡು ಬೆರಳು ಅರ್ಪಿಸಿದರು. ತಟ್ಟೆಗೆ ಬಂದ ಮೊದಲ ರೊಟ್ಟಿಯನ್ನು ಸಿದ್ದಲಿಂಗೇಶ್ ಬೆಳಕಿಗೆ ಹಿಡಿದು, "ಮೇಲ್ಭಾಗ ತ್ರುಟಿತ, ಉಳದಿದ್ದು ಸುಟ್ಟೈತಿ" ಎಂದು ಒಡೆದ ಶಾಸನ ವರ್ಣಿಸಲು ಗುರುಗಳೇ ಕಲಿಸಿದ ರೀತಿಯಲ್ಲಿ ವರದಿ ಮಾಡಿದ.

ಕೊಟ್ರಬಸಮ್ಮ ಗಂಡನ ಆರಾಮಕುರ್ಚಿಯನ್ನು ಅಡಿಗೆಮನೆಯ ಬಾಗಿಲಿಗೆ ಎಳೆದು ಕೂತಿದ್ದರು, ತೊಡೆಯ ಮೇಲೆ ಗ್ರಂಥ.

"ರೊಟ್ಟಿ ಸುಳ್ಳಿಗೆ ನಗು ಬಂತ್ರಿ" ಎಂದರು ಮೆಲ್ಲಗೆ. "ಅಡ್ಡಿ ಆಗಲಿಲ್ಲ ಅಂತ ಬರದೀರಲ್ಲ, ಅದಕ್ಕ ಮಾತ್ರ ನಗು ಬರಲಿಲ್ಲ. ನಾನೇನು ದಾರಿಗೆ ಬಿದ್ದ ಮುಳ್ಳೇನ್ರಿ?"

ಎರ್ರಿಸ್ವಾಮಿಯವರು ಕೆಂಪಾದ ಅಂಗೈ ನೋಡಿಕೊಂಡರು. ಹನ್ನೊಂದು ರೊಟ್ಟಿಗೇ ಹೀಗಾದರೆ ಹದಿನೇಳು ಕೊಡಕ್ಕೆ ಹೇಗಾಗಿರಬೇಡ? ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಶಿಷ್ಯರೆಲ್ಲರ ಎದುರು ಸಿದ್ದಲಿಂಗೇಶನಿಗೆ, "ಗ್ರಂಥಕ್ಕ ಒಂದು ತಿದ್ದುಪಡಿ ಚೀಟಿ ಅಂಟಸಬೇಕು, ಬರಕೋ" ಎಂದರು.

"ಪುಟ ಇನ್ನೂರ ಹನ್ನೆರಡು, ಕೊನೆಯ ಸಾಲು. 'ಅವರ ಸಂಶೋಧನೆಗೆ ನಾನೆಂದೂ ಅಡ್ಡಿಯಾಗಲಿಲ್ಲ' ಎಂಬುದರ ಬದಲು, 'ಕುರುಗೋಡಿನ ಕಲ್ಲನ್ನು ಹದಿನೇಳು ಕೊಡ ನೀರು ಹೊತ್ತು ತೊಳೆದು, ಅಕ್ಷರಗಳನ್ನು ಮೊದಲು ಕಂಡವಳು ನಾನು' ಎಂದು ಓದಿಕೊಳ್ಳಬೇಕು."

"ಸಗಣಿ?" ಎಂದರು ಕೊಟ್ರಬಸಮ್ಮ.

"ಸಗಣಿ ಕೆರೆದು ಅಂತನೂ ಹಾಕಪ್ಪ."

ಕೊಟ್ರಬಸಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಹೆಂಡತಿಯ ಮುಖ ಅರಳಿದ್ದನ್ನು ಕಂಡು ಪ್ರೊಫೆಸರರಿಗೆ ಧೈರ್ಯ ಬಂತು. "ಹಂಗ ಅದರ ಕೆಳಗ ಇನ್ನೊಂದು ಬರಕೋ. ಪುಟ ಇನ್ನೂರ ಹನ್ನೊಂದು, ಆ ರೊಟ್ಟಿ ಸಾಲು..."

"ಅದು ಸರಿ ಐತಿ, ಮುಟ್ಟಬ್ಯಾಡ್ರಿ" ಎಂದರು ಕೊಟ್ರಬಸಮ್ಮ, ಕನ್ನಡಕ ಮತ್ತೆ ಏರಿಸುತ್ತ. "ಹೆಂಚು ಆರಾಕ ಹತ್ತೈತಿ, ಒಳಗ ನಡೀರಿ."