ತೂಕದ ಯಂತ್ರದವರ ಸನ್ನಿಧಾನಕ್ಕೆ, ಸಿಹಿಗುಂಬಳದ ಸಾರಿನ ವಿಷಯವಾಗಿ

ಮಾನ್ಯ ತೂಕದ ಯಂತ್ರದವರೇ,

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಸಕ್ಕರೆ ಡಬ್ಬಿಯ ಪಕ್ಕದಲ್ಲಿ, ಕಿಟಕಿಯ ಬೆಳಕು ಧಾರಾಳವಾಗಿ ಬೀಳುವ ಜಾಗದಲ್ಲಿ, ನನ್ನ ಈರುಳ್ಳಿ ಬುಟ್ಟಿಯನ್ನು ನೆಲಕ್ಕಿಳಿಸಿ ತಾವು ಸಿಂಹಾಸನ ಏರಿದ್ದೀರಿ. ಇದೇ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳೂ ಹಿಂದಿನ ಕೋಣೆಯಲ್ಲಿ ಅಡುಗೆ ಮಾಡುವವಳೂ ಆದ ನಾನು ತಮಗೆ ಸಲ್ಲಿಸುವ ನಮಸ್ಕಾರಗಳನ್ನು, ತೂಗಿ ನೋಡದೆ, ಹಾಗೆಯೇ ಸ್ವೀಕರಿಸಬೇಕು. ತಮ್ಮ ಗಾಜಿನ ಮೈಗೆ ಗೀರು ಬೀಳದಿರಲಿ, ತಮ್ಮ ಬ್ಯಾಟರಿಗೆ ದೀರ್ಘಾಯುಷ್ಯವಿರಲಿ. ಈ ಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದೇನೆ, ಆದ್ದರಿಂದ ತಮಗೆ ಓದು ಬರದಿದ್ದರೂ ಚಿಂತೆಯಿಲ್ಲ. ತಮ್ಮನ್ನು ಈ ಮನೆಗೆ ತಂದವರು ನೀರಿನ ಬಾಟಲಿಗೆ ಕೈ ಹಾಕಿದಾಗಲೆಲ್ಲ ಓದಿಕೊಳ್ಳುತ್ತಾರೆ.

ಮೊದಲು ನನ್ನ ಪರಿಚಯ ಹೇಳಿಕೊಳ್ಳುವುದು ಮರ್ಯಾದೆ. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದರಲ್ಲಿ ಸಡಿಲವಾದದ್ದನ್ನು ಹಿಡಿದು, ಬಿಗಿಯಾದದ್ದನ್ನು ಬಿಟ್ಟು, ಮೊಟಕು ಮಾಡಿ, ಉದ್ದ ಮಾಡಿ ಉಟ್ಟವರ ಮೈಗೆ ಕೂರಿಸುವುದೇ ನನ್ನ ಮುಖ್ಯ ಕಸುಬು. ಅಳತೆಗೆ ಬಂದವರು ಎರಡೂ ಕೈ ಎತ್ತಿಕೊಂಡು ಕನ್ನಡಿಯ ಮುಂದೆ ನಿಂತಾಗ ನಾನು ಟೇಪು ಸುತ್ತುತ್ತಾ "ನಿಮ್ಮನೇಲಿ ಇವತ್ತು ಏನು ಅಡುಗೆ?" ಎಂದು ಕೇಳುತ್ತೇನೆ, ಆ ಭಂಗಿಯಲ್ಲಿ ನಿಂತವರು ಸುಳ್ಳು ಹೇಳಿದ್ದನ್ನು ನಾನು ಈವರೆಗೆ ಕಂಡಿಲ್ಲ. ಅಂಚೆಯವರ ಹೆಂಡತಿಯ ನಿಂಬೆ ಉಪ್ಪಿನಕಾಯಿ, ಗಣಿತದ ಮೇಷ್ಟ್ರ ಬದನೆಕಾಯಿ, ಬ್ರೆಡ್ ಮಾರುವಾಕೆಯ ಸುಟ್ಟ ಬೆಳ್ಳುಳ್ಳಿಯ ಗುಟ್ಟು, ಎಲ್ಲವೂ ನನಗೆ ಹೀಗೇ ಸಿಕ್ಕಿದ್ದು. ಬಟ್ಟೆ ಕತ್ತರಿಸಲು ಇಟ್ಟುಕೊಂಡ, ಕೈಗೆ ಸಿಕ್ಕ ಮಾದರಿ ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಗೀಚಿಕೊಂಡದ್ದರಿಂದ ಉಪ್ಪಿನಕಾಯಿ ಈಗಲೂ ಒಂದು ತೋಳಿನ ಮೇಲಿದೆ, ಬದನೆಕಾಯಿ ಯಾರದೋ ಕಾಲರಿನ ಮೇಲಿದೆ.

ತಂದದ್ದನ್ನು ತಂದ ಹಾಗೆಯೇ ಮಾಡುವ ಅಭ್ಯಾಸ ನನಗಿಲ್ಲವೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ಒಬ್ಬರ ಅಂಗಿ ಇನ್ನೊಬ್ಬರಿಗೆ ಕೂರುವುದುಂಟೇ? ಅಂಚೆಯವರ ಮನೆಯ ಖಾರ ನಮ್ಮವರಿಗೆ ಬಿಗಿಯಾಯಿತು, ಸ್ವಲ್ಪ ಬಿಟ್ಟೆ. ಮೇಷ್ಟ್ರ ಮನೆಯ ಎಣ್ಣೆ ಸಡಿಲವಾಯಿತು, ಹಿಡಿದೆ. ಹೊಲಿಯುವಾಗ ನಾಳೆ ಮೈ ಬಂದರೂ ಇರಲೆಂದು ಒಳಗೆ ಒಂದು ಬೆರಳು ಬಟ್ಟೆ ಮಡಿಸಿ ಬಿಡುತ್ತೇವಲ್ಲ, ಉಪ್ಪು ಹುಳಿಗೂ ನಾನು ಹಾಗೇ ಒಳಮಡಿಕೆ ಬಿಡುತ್ತೇನೆ, ತಿನ್ನುವವರ ಮುಖ ನೋಡಿ ಆಮೇಲೆ ಬಿಚ್ಚುತ್ತೇನೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ದೊಡ್ಡವರು ಹೇಳಿದ್ದರ ಎರಡೂ ತುದಿಗಳು ನನ್ನ ಮನೆಯ ಎರಡು ಕೋಣೆಗಳಲ್ಲಿವೆ.

ಇಂಥ ಮನೆಗೆ ತಾವು ದಯಮಾಡಿಸಿದ ಕಾರಣ ನಮ್ಮ ಅತ್ತೆಯವರ ಜ್ವರ. ಜ್ವರ ಬಿಟ್ಟಿತು, ಆದರೆ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ಏನು ಕೊಟ್ಟರೂ "ಮಣ್ಣು ತಿಂದ ಹಾಗಿದೆ" ಎಂದು ಬಟ್ಟಲು ಸರಿಸುತ್ತಿದ್ದರು. ನಾನು ಹಿಡಿದೆ, ಬಿಟ್ಟೆ, ಬಿಚ್ಚಿ ಮತ್ತೆ ಹೊಲಿದೆ, ಬಟ್ಟಲು ಮಾತ್ರ ಹೋದ ಹಾಗೇ ವಾಪಸು ಬರುತ್ತಿತ್ತು. ನನ್ನ ಅಡುಗೆಗೆ ದಿನಾ ಒಂದು ಕೊಂಕು ತೆಗೆಯದೆ ಊಟ ಮುಗಿಸದ ಮನುಷ್ಯರು ಕೊಂಕು ತೆಗೆಯುವುದನ್ನೂ ಬಿಟ್ಟಾಗ ನನ್ನ ಜೀವ ಬಾಯಿಗೆ ಬಂದಿತ್ತು. ರವಿಕೆಯ ತೋಳು ಸಡಿಲವಾಗಿದೆ ಎಂದು ಹಿಡಿಯಲು ಹೋದವಳು, ಅದನ್ನು ಹಿಡಿದುಬಿಟ್ಟರೆ ಅವರು ಇನ್ನು ಮೈ ಕೈ ತುಂಬಿಕೊಳ್ಳುವುದಿಲ್ಲವೆಂದು ನಾನೇ ಒಪ್ಪಿದಂತಾಗುತ್ತದೆಂದು ಹೆದರಿ ಸೂಜಿ ಕೆಳಗಿಟ್ಟೆ.

ಆಗ ನನ್ನ ನಾದಿನಿಯವರು ತಮ್ಮನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಅವರು ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವರು, ತಮ್ಮ ಮನೆಗೆ ಹೋಗುವ ಮೊದಲು ದಿನಾ ಅಮ್ಮನನ್ನು ನೋಡಲು ಬರುವವರು. ಒಂದು ಮಾತ್ರೆ ಹೆಚ್ಚಾದರೂ ಕಡಿಮೆಯಾದರೂ ಪ್ರಾಣಕ್ಕೆ ಬರುವ ಜಾಗದಲ್ಲಿ ದಿನವಿಡೀ ನಿಂತು ಬಂದವರಿಗೆ ನನ್ನ ಒಳಮಡಿಕೆಯ ಲೆಕ್ಕ ಹೇಗೆ ಹಿಡಿಸೀತು? "ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ಅಮ್ಮನ ಸಿಹಿಗುಂಬಳದ ಸಾರನ್ನ ನೀವು ತಿದ್ದಿ ತಿದ್ದಿ ಬೇರೇನೋ ಮಾಡಿಬಿಟ್ಟಿದ್ದೀರಿ, ಅದಕ್ಕೇ ಅವರಿಗೆ ಸೇರ್ತಿಲ್ಲ" ಎಂದು ನೇರವಾಗಿ ಹೇಳಿದರು. ಬೇಜಾರು ಮಾಡಿಕೊಳ್ಳಬೇಡಿ ಎಂದು ಶುರುವಾದ ಮಾತಿಗೆ ಬೇಜಾರಾಗದೆ ಇದ್ದವರು ಯಾರಾದರೂ ಇದ್ದರೆ ನನಗೆ ತೋರಿಸಬೇಕು. ಗಡಿಯಾರ ರಿಪೇರಿ ಮಾಡುವ ನಮ್ಮ ಯಜಮಾನರನ್ನು ಕೇಳಿದರೆ "ಇಬ್ಬರದ್ದೂ ಸರಿ ಅನ್ಸುತ್ತೆ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು, ಕಣ್ಣಿನ ಕನ್ನಡಕ ತೆಗೆದು ತಮ್ಮ ಗಾಜಿನ ಮೈಮೇಲಿಟ್ಟು ತೂಕ ನೋಡುತ್ತಾ ಕುಳಿತರು.

ಇನ್ನು ತಮ್ಮ ಕಾರ್ಯದಕ್ಷತೆಯನ್ನು ಹೊಗಳದೆ ಇರಲಾರೆ. ಸಾರಿಗೆ ಏನೇನು ಎಷ್ಟೆಷ್ಟು ಎಂದು ನಾದಿನಿಯವರು ಕೇಳಿದಾಗ ಅತ್ತೆಯವರು ಮಲಗಿದಲ್ಲಿಂದಲೇ, ಕಣ್ಣು ಮುಚ್ಚಿಕೊಂಡು, "ಒಂದು ಹಿಡಿ ಬೇಳೆ, ಒಂದು ಹಿಡಿ ಈರುಳ್ಳಿ, ಅಂಗೈಗೆ ಬಂದಷ್ಟು ಉಪ್ಪು" ಎಂದು ಹೇಳಿದರು. ಹಿಡಿ ಎಂದರೆ ಎಷ್ಟು ಎಂಬ ಪ್ರಶ್ನೆ ಬಂದಾಗ ನಾದಿನಿಯವರು ಬೇಳೆಯ ಪಾತ್ರೆಯನ್ನೂ ತಮ್ಮನ್ನೂ ಹಾಸಿಗೆಯ ಹತ್ತಿರ ತಂದು ಅಮ್ಮನ ಕೈಯಿಂದಲೇ ಹಿಡಿ ತುಂಬಿಸಿದರು. ನಡುಗುವ ಕೈ, ಅರ್ಧ ಬೇಳೆ ಹೊದಿಕೆಯ ಮೇಲೆ ಉದುರಿತು, ಉಳಿದದ್ದನ್ನು ತಾವು ಗಂಭೀರವಾಗಿ ತೂಗಿ, ಮಿಣುಕದೆ, ಇದೇ ಈಕೆಯ ಹಿಡಿ ಎಂದು ತೀರ್ಪು ಕೊಟ್ಟಿರಿ. ಅದು ಜ್ವರದ ಹಿಡಿ, ಅಡುಗೆಯ ಹಿಡಿಯಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸಾರು ಕೆಡಿಸಿದವಳೆಂಬ ಬಿರುದು ಹೊತ್ತವಳ ಮಾತನ್ನು ಯಾರು ಕೇಳುತ್ತಾರೆಂದು ಹೊದಿಕೆಯ ಮೇಲಿನ ಬೇಳೆ ಆರಿಸತೊಡಗಿದೆ.

ಮಾರನೆಯ ಮಧ್ಯಾಹ್ನ ತಮ್ಮ ಅಧ್ಯಕ್ಷತೆಯಲ್ಲಿ ಸಾರು ಆರಂಭವಾಯಿತು. ತಮ್ಮ ಒಂದು ದೊಡ್ಡ ಗುಣವನ್ನು ನಾನು ಕಂಡದ್ದು ಆಗಲೇ: ಬಟ್ಟಲಿಟ್ಟು, ಇನ್ನೊಂದು ಈರುಳ್ಳಿ ತರಲೆಂದು ಬೆನ್ನು ತಿರುಗಿಸಿದರೆ ಸಾಕು, ತಾವು ಕಣ್ಣು ಮುಚ್ಚಿ, ಅದುವರೆಗಿನದನ್ನೆಲ್ಲ ಮರೆತು, ಎಬ್ಬಿಸಿದಾಗ ಹುಟ್ಟಿದ ಮಗುವಿನಂತೆ ಸೊನ್ನೆಯಿಂದ ಶುರು ಮಾಡುತ್ತೀರಿ. ಇಷ್ಟು ನಿರ್ಮಲವಾದ ಮನಸ್ಸು ನಮ್ಮ ಕುಟುಂಬದಲ್ಲಿ ಬೇರೆ ಯಾರಿಗೂ ಇಲ್ಲ. ಅತ್ತೆಯವರಿಗೆ ನಾನು ಮದುವೆಯಾದ ಹೊಸತರಲ್ಲಿ ಸೀಯಿಸಿದ ಹಾಲು ಇನ್ನೂ ನೆನಪಿದೆ.

ಸಾರು ಸಿದ್ಧವಾಯಿತು, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಕುಂಬಳಕಾಯಿ ಒಂದು ಕಡೆ, ನೀರು ಒಂದು ಕಡೆ, ಒಬ್ಬರಿಗೊಬ್ಬರು ಮಾತು ಬಿಟ್ಟ ನೆಂಟರ ಹಾಗೆ ಬಟ್ಟಲಿನಲ್ಲಿ ಕುಳಿತಿದ್ದವು. ಅತ್ತೆಯವರು ಒಂದು ಚಮಚ ಬಾಯಿಗಿಟ್ಟರು, ಥಟ್ಟನೆ ಕಣ್ಣು ತೆರೆದರು. "ಇದ್ಯಾರು ಮಾಡಿದ್ದು?" ಎಂದರು. ನಾದಿನಿಯವರು ಹೆಮ್ಮೆಯಿಂದ "ನೀನು ಹೇಳಿದ ಹಾಗೇ ಕಣಮ್ಮ, ಒಂದು ಕಾಳೂ ಹೆಚ್ಚಿಲ್ಲ, ಕಡಿಮೆಯಿಲ್ಲ" ಎಂದರು. "ನಾನು ಹೀಗೆ ಹೇಳಿದ್ನಾ? ನನಗೇನು ತಲೆ ಕೆಟ್ಟಿದ್ಯಾ? ಜನ ತಿಂದ್ರೆ ನನ್ನ ಹೆಸರು ಏನಾಗಬೇಕು!" ಎಂದು ಅತ್ತೆಯವರು ಹೊದಿಕೆ ಕಿತ್ತೆಸೆದು, ನಾವು ಯಾರೂ ಕೈ ಕೊಡುವ ಮೊದಲೇ ಎದ್ದು, ಗೋಡೆ ಹಿಡಿದುಕೊಂಡು, ಬಾಗಿಲ ಚೌಕಟ್ಟಿನಲ್ಲಿ ಒಮ್ಮೆ ಉಸಿರು ತೆಗೆದುಕೊಂಡು, ಅಡುಗೆಮನೆಗೆ ಬಂದರು. ಜ್ವರ ಬಂದಾಗಿನಿಂದ ಆ ಹೊಸ್ತಿಲನ್ನು ಅವರು ದಾಟಿರಲಿಲ್ಲ.

ಬಂದವರೇ ಬೇಳೆ ಇನ್ನಷ್ಟು ಬೇಯಿಸಿ ಕಡೆಯಲು ಹೇಳಿದರು, ಮೆಣಸು ಕುಟ್ಟಿಸಿದರು, ಮಗಳ ಕೈಗೆ ನಿಂಬೆಹಣ್ಣು ಕೊಟ್ಟು "ಹಿಂಡು, ನಾನು ಸಾಕು ಅನ್ನೋವರೆಗೂ ಹಿಂಡು" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಇಷ್ಟು ವರ್ಷ "ಸಾರಿಗೆ ಸುಟ್ಟ ವಾಸನೆ ಹತ್ತಿಸ್ತಾಳೆ" ಎಂದು ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದ ಅದೇ ಬಾಯಲ್ಲಿ, "ಎಲ್ಲೇ ನಿನ್ನ ಬೆಳ್ಳುಳ್ಳಿ? ಅದನ್ನ ಸುಟ್ಟು ಹಾಕದೆ ಹೀಗೇ ನಿಂತ್ಕೊಂಡಿದ್ರೆ ಸಾರು ಹೇಗಾಗುತ್ತೆ?" ಎಂದು ಕೇಳಿದರು. ನಾನು ಬೆಳ್ಳುಳ್ಳಿ ಸುಡುತ್ತಾ ಒಲೆಯ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಂಡೆ, ಹೊಗೆಯ ಮೇಲೆ ತಪ್ಪು ಹಾಕಿದೆ. ಅತ್ತೆಯವರು ಅಲ್ಲೇ ಸ್ಟೂಲಿನ ಮೇಲೆ ಕುಳಿತು ಬಟ್ಟಲು ಖಾಲಿ ಮಾಡಿ, ಇನ್ನೊಂದು ಬಡಿಸಿಕೊಂಡು, ಕೊನೆಗೆ "ಸ್ವಲ್ಪ ಉಪ್ಪು ಮುಂದಾಯ್ತು" ಎಂದು ಕೊಂಕು ತೆಗೆದರು. ಹೊಟ್ಟೆಗೆ ಹಾಲು ಎರೆದ ಹಾಗಾಯಿತು.

ಆದ್ದರಿಂದ ಮಾನ್ಯರೇ, ದೂರು ಬರೆಯಲು ಕುಳಿತವಳು ಕೃತಜ್ಞತೆಯ ಬಲೆಗೆ ಬಿದ್ದಿದ್ದೇನೆ. ನನ್ನ ಒಳ್ಳೆಯ ಸಾರುಗಳೆಲ್ಲ ಸೇರಿ ಎಬ್ಬಿಸಲಾರದ ಮನುಷ್ಯರನ್ನು ತಮ್ಮ ಒಂದು ಕೆಟ್ಟ ಸಾರು ಎಬ್ಬಿಸಿ ನಿಲ್ಲಿಸಿತು. ಇಂಥ ಪ್ರತಿಭೆ ವ್ಯರ್ಥವಾಗಬಾರದೆಂದು ಕೆಲವು ಸಣ್ಣ ಕೋರಿಕೆಗಳನ್ನು ತಮ್ಮ ಗಾಜಿನ ಪಾದಗಳಲ್ಲಿಡುತ್ತೇನೆ. ಅತ್ತೆಯವರ ಹುಬ್ಬು ಎಷ್ಟು ಗಂಟಿಕ್ಕಿದರೆ ಎಷ್ಟು ಹುಳಿ ಬೇಕೆಂಬುದನ್ನು ತಾವು ತೂಗಿ ತಿಳಿಸಬೇಕು. ನಮ್ಮ ಯಜಮಾನರು ಹೇಳುವ "ಚೆನ್ನಾಗಿದೆ"ಗಳಲ್ಲಿ ಯಾವುದು ನಿಜ, ಯಾವುದು ಭಯ ಎಂಬುದನ್ನು ಬೇರೆ ಬೇರೆ ಮಾಡಿ ತೋರಿಸಬೇಕು. "ಸಾಕು" ಎನ್ನುವುದನ್ನು ಕಲಿಯಬೇಕು. ಸಾಧ್ಯವಾದರೆ ನನ್ನ ಈರುಳ್ಳಿ ಬುಟ್ಟಿಗೆ ಅದರ ಜಾಗವನ್ನು ಬಿಟ್ಟುಕೊಡಬೇಕು. ನಾದಿನಿಯವರೇ ಈಗ ಅಳತೆ ಕೇಳುವುದನ್ನು ಬಿಟ್ಟು, ಬಟ್ಟಲು ಕೊಟ್ಟು ಅಮ್ಮನ ಮುಖ ನೋಡುತ್ತಾ ನಿಲ್ಲುತ್ತಾರೆ; ನಿನ್ನೆ "ನಮ್ಮನೆ ಸಾರಿಗೆ ಬೆಳ್ಳುಳ್ಳಿ ಬೇಡ ಅಂತ ಶುಂಠಿ ಹಾಕಿದೆ, ತಪ್ಪಾ ಅತ್ತಿಗೆ?" ಎಂದು ಕೇಳಿದರು. ಮೈ ನಿಮ್ಮದು, ಅಂಗಿ ನಿಮ್ಮದು ಎಂದೆ.

ಇಂತು, ತಮ್ಮ ತೂಕಕ್ಕೆ ಎಂದೂ ಸಮನಾಗಲಾರದ, ಆದರೂ ತಮ್ಮ ವಿಶ್ವಾಸಿ,

ಮುಂದಿನ ಕೋಣೆಯ ದರ್ಜಿ, ಹಿಂದಿನ ಕೋಣೆಯ ಸೊಸೆ

ಮರೆತ ಮಾತು: ಆ ದಿನ ಬಟ್ಟಲಿಗೆ ಕೊನೆಯಲ್ಲಿ ಅತ್ತೆಯವರು ಎರಡು ಬೆರಳಲ್ಲಿ ಉದುರಿಸಿದ ಉಪ್ಪಿನಿಂದಲೇ ಸಾರಿಗೆ ಜೀವ ಬಂತೆಂದು ನಾದಿನಿಯವರು ಹಠ ಹಿಡಿದು, ಅಂಥದೇ ಇನ್ನೊಂದು ಚಿಟಿಕೆಯನ್ನು ತಮ್ಮ ಮೇಲೆ ಹಾಕಿಸಿದ್ದು ತಮಗೆ ನೆನಪಿರಲಾರದು. ತಾವು ಬಹಳ ಹೊತ್ತು ಯೋಚಿಸಿ ಸೊನ್ನೆ ಎಂದಿರಿ. ಅತ್ತೆಯವರು ಬಗ್ಗಿ ತಮ್ಮ ಮುಖ ನೋಡಿ, ಗಾಜಿನ ಮೇಲೆ ಕೈಯಿಟ್ಟು, "ಪಾಪ, ಇದಕ್ಕೂ ಜ್ವರ ಬಂದಿದೆ, ರುಚಿ ಗೊತ್ತಾಗ್ತಿಲ್ಲ" ಎಂದರು.