ಒದ್ದೆ ಜಮಖಾನದ ಗಾಳಿ

ಇವತ್ತು ಬೆಳಿಗ್ಗೆ ಹಾಲು ಕಾಯಿಸಿದೆ, ತುಳಸಿಗೆ ನೀರು ಹಾಕಿದೆ, ಹುರುಳಿಕಾಯಿಯ ನಾರು ತೆಗೆದೆ, ಗ್ಯಾಸ್ ಬುಕ್ ಮಾಡಿದೆ, ಮೂರು ದಿನದ ಬಟ್ಟೆ ಒಗೆದೆ. ಬಕೆಟ್ಟಿನ ತಳದಲ್ಲಿ ಒಂದು ಹಿಡಿ ಮರಳು! ಗಿರಿನಗರದ ಗೃಹಿಣಿಯ ಸೀರೆಯಲ್ಲಿ ಸಮುದ್ರದ ಮರಳು ಎಲ್ಲಿಂದ ಬಂತು ಅಂತೀರಾ? ನಮ್ಮ ಅತ್ತಿಗೆಯ ಕೃಪೆ. ಬಿರುಗಾಳಿ ಬರುತ್ತದೆಂದರೆ ಊರು ಬಿಟ್ಟು ಓಡುವವರನ್ನು ನೀವು ನೋಡಿರುತ್ತೀರಿ. ಆ ಊರಿಗೇ ಬಸ್ ಟಿಕೆಟ್ ತೆಗೆಯುವವರು ನಮ್ಮ ಮನೆಯಲ್ಲಿದ್ದಾರೆ!

ಅತ್ತಿಗೆ ಎಂದರೆ ನಮ್ಮ ಯಜಮಾನರ ಅಕ್ಕ. ಟೆಲಿಫೋನ್ ಆಫೀಸಿನಿಂದ ನಿವೃತ್ತರಾಗಿ ನಮ್ಮ ಜೊತೆಯಲ್ಲೇ ಇದ್ದಾರೆ. ಗಾಳಿ ಅಳೆಯುವುದು ಅವರ ಹುಚ್ಚು. ಅದಕ್ಕೆ ಯಂತ್ರಗಿಂತ್ರ ಬೇಕಿಲ್ಲ, ತಾರಸಿಯ ಮೇಲಿನ ಬಟ್ಟೆ ಹಗ್ಗ ಸಾಕು. ಕರ್ಚೀಫು ಅಲುಗಿದರೆ ಒಂದನೇ ನಂಬರ್ ಗಾಳಿ, ಪಂಚೆ ಹಾರಿದರೆ ಎರಡು, ಬೆಡ್‌ಶೀಟು ಮೂರು, ಒದ್ದೆ ಟರ್ಕಿ ಟವಲು ನಾಲ್ಕು. ಐದನೆಯದು ಒದ್ದೆ ಜಮಖಾನ! ನೀರು ಕುಡಿದ ಜಮಖಾನ ಮೇಲೆದ್ದು ಗಾಳಿಯಲ್ಲಿ ಹಾಸಿದ ಹಾಗೆ ನಿಲ್ಲಬೇಕು. ಕಣ್ಣಾರೆ ಕಂಡವರೇ ನೋಟ್‌ಬುಕ್ಕಿನಲ್ಲಿ ಬರೆಯಬೇಕು ಎನ್ನುವುದು ಅವರ ಕಾನೂನು. ಆ ನೋಟ್‌ಬುಕ್ಕನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಒಮ್ಮೆ ಅವಸರದಲ್ಲಿ ಅದರ ಕೊನೆಯ ಹಾಳೆಯಲ್ಲಿ ‘ಕೊತ್ತಂಬರಿ, ಕರಿಬೇವು, ಶುಂಠಿ’ ಎಂದು ಬರೆದಿದ್ದಕ್ಕೆ ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದರು.

ಐದನೆಯ ಸಾಲು ಹದಿನೆಂಟು ವರ್ಷದಿಂದ ಖಾಲಿ. ಅದನ್ನು ತುಂಬಲು ಒಬ್ಬರೇ ಏಳು ಸಲ ಕರಾವಳಿಗೆ ಹೋಗಿ ಬಂದಿದ್ದಾರೆ. ಏಳು ಸಲವೂ ಬಿರುಗಾಳಿ ಓಮಾನ್ ಕಡೆ ತಿರುಗಿಕೊಂಡಿತು! ಈಗ ಎಂಟನೆಯದರ ಸುದ್ದಿ ಬಂತು. ಮುಂದಿನ ತಿಂಗಳು ಅವರ ಎರಡೂ ಮಂಡಿಗೆ ಆಪರೇಷನ್. ಇದೇ ಕೊನೆಯ ಸವಾರಿ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಈ ಮಂಡಿಯಲ್ಲಿ ಒದ್ದೆ ಜಮಖಾನ ಎತ್ತಲು ಈಗ ಅವರೊಬ್ಬರಿಂದ ಆಗದು. ಹೀಗೆ ನಾನು ಬೇಕಾದೆ.

“ಟೀವೀಲೇ ತೋರಿಸ್ತಾರಲ್ಲಕ್ಕಾ,” ಎಂದರು ನಮ್ಮವರು.

“ಟೀವೀಲಿ ಅಡುಗೇನೂ ತೋರಿಸ್ತಾರೆ. ನಿಂಗೆ ಹೊಟ್ಟೆ ತುಂಬತ್ತೇನೋ?”

ನಾನು ಬ್ಯಾಗಿಗೆ ಛತ್ರಿ ಹಾಕಿದ್ದು ಅತ್ತಿಗೆಯ ಕಣ್ಣಿಗೆ ಬಿತ್ತು. “ಇದ್ಯಾಕೇ? ವಾಪಸ್ ಗಿರಿನಗರಕ್ಕೆ ಹಾರ್ಕೊಂಡೇ ಬರ್ತೀಯಾ?”

ಜಮಖಾನದ ಸುರುಳಿ ನೋಡಿ ಆಟೋದವನಿಗೂ ಕುತೂಹಲ. “ಎಲ್ಲಿ ಆಂಟಿ ಮದುವೆ?”

“ಕುಂದಾಪುರದ ಹತ್ರ ಕಣಪ್ಪ. ಬಿರುಗಾಳಿ ಬರ್ತಿದೆ, ಕೂರೋಕೆ ಹಾಸಬೇಡ್ವಾ?” ಎಂದರು ಅತ್ತಿಗೆ. ಬಸ್ ಸ್ಟ್ಯಾಂಡ್ ಬರುವವರೆಗೂ ಅವನು ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ.

ನೀರಿನ ಹತ್ತಿರ ಹೋಗುವುದು ಪೆದ್ದರ ಕೆಲಸ ಎನ್ನುವುದು ಅತ್ತಿಗೆಯ ಇನ್ನೊಂದು ಕಾನೂನು. ಹಾಗಾಗಿ ಸಮುದ್ರದಿಂದ ಒಂದಿಷ್ಟು ದೂರದ ಒಂದು ಲಾಡ್ಜು. ಅದರ ಯಜಮಾನರು ಕಣ್ಣರಳಿಸಿದರು. “ಎಂಥದು ಮಾರಾಯ್ರೆ! ಇದ್ದವರೆಲ್ಲ ಖಾಲಿ ಮಾಡಿ ಹೋದ್ರು, ನೀವು ಈಗ ಬರುವುದಾ?”

“ಹಿತ್ತಲಲ್ಲಿ ಬಟ್ಟೆ ಒಣಗಿಸೋ ಹಗ್ಗ ಇದೆಯಾ?” ಎಂದರು ಅತ್ತಿಗೆ.

“ಈ ಗಾಳಿಮಳೆಯಲ್ಲಿ ಬಟ್ಟೆ ಒಣಗಿಸುವುದಾ?!”

ಮರುದಿನ ಮಧ್ಯಾಹ್ನ ಆಕಾಶ ಕಪ್ಪಗಾಯಿತು. ಎರಡು ಬಕೆಟ್ ನೀರು ಹೊಯ್ದು ಜಮಖಾನ ನೆನೆಸಿ, ಇಬ್ಬರೂ ಉಸ್ಸಪ್ಪಾ ಎಂದು ಎತ್ತಿ, ಒಂದು ಅಂಚಿಗೆ ಹನ್ನೆರಡು ಕ್ಲಿಪ್ಪು ಹಾಕಿ ಹಗ್ಗಕ್ಕೆ ಇಳಿಬಿಟ್ಟೆವು. “ಮಾತ್ರೆ ನುಂಗಿ ಬರ್ತೀನಿ, ನೋಡ್ತಿರು,” ಎಂದು ಅವರು ಒಳಗೆ ಹೋದರು.

ಟಪ್ ಟಪ್ ಎಂದು ನಾಲ್ಕು ಹನಿ ಬಿತ್ತು. ನಾನೇನು ಮಾಡಿದೆ? ಮೂವತ್ತು ವರ್ಷದಿಂದ ಹನಿ ಬಿದ್ದಾಗ ಏನು ಮಾಡುತ್ತಿದ್ದೆನೋ ಅದನ್ನೇ! ಓಡಿದೆ, ಕ್ಲಿಪ್ಪು ಕಿತ್ತೆ, ಅಷ್ಟು ಭಾರದ ಜಮಖಾನವನ್ನು ಎದೆಗವಚಿಕೊಂಡು ಒಳಗೆ ತಂದು ಹಾಕಿದೆ.

“ಜಮಖಾನ ಎಲ್ಲೇ?”

“ಒಳಗಿಟ್ಟೆ ಅತ್ತಿಗೆ, ನೆನೆದುಹೋಗ್ತಿತ್ತು.”

“ಅದನ್ನ ನೆನೆಸಿದ್ದೇ ನಾವಲ್ಲವೇನೇ!”

ಅಷ್ಟರಲ್ಲಿ ದೊಡ್ಡದೊಂದು ಬೀಸು ಬಂದು ಖಾಲಿ ಹಗ್ಗ ಸುಯ್ಯೆಂದು ಶಿಳ್ಳೆ ಹೊಡೆಯಿತು. ಅತ್ತಿಗೆ ಬೈಯಲಿಲ್ಲ. ಮಂಡಿ ಹಿಡಿದುಕೊಂಡು ಹಿತ್ತಲ ಜಗಲಿಯ ಕುರ್ಚಿಯಲ್ಲಿ ಕುಳಿತುಬಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಒಬ್ಬಳೇ ಜಮಖಾನ ಎಳೆದುಕೊಂಡು ಹೊರಗೆ ನಡೆದೆ. ಮುಖಕ್ಕೆ ಮಳೆ, ಕಣ್ಣಿಗೆ ಮರಳು, ಬಾಯಲ್ಲಿ ಕ್ಲಿಪ್ಪು. ಹನ್ನೆರಡನೆಯ ಕ್ಲಿಪ್ಪು ಹಾಕಿ ಕಂಬ ತಬ್ಬಿಕೊಂಡೆ ನೋಡಿ, ಬಂತು! ಮೊದಲು ಎಡಗಡೆಯ ಮೂಲೆ ಮಿಸುಕಿತು. ಆಮೇಲೆ ಇಡೀ ಜಮಖಾನ, ಒಲೆಯ ಮೇಲಿನ ಹಾಲು ಉಕ್ಕುವ ಹಾಗೆ ಎದ್ದು, ಕೆಂಪು ನೀಲಿ ಪಟ್ಟೆಗಳೆಲ್ಲ ಗೆರೆ ಎಳೆದಂತೆ ಗಾಳಿಯಲ್ಲಿ ನೇರ ನಿಂತಿತು. “ಅತ್ತಿಗೇ!” ಎಂದು ಕೂಗಿದೆ. ಏಳು ಕ್ಲಿಪ್ಪು ಹಾರಿಹೋದವು, ಐದು ಹಿಡಿದುಕೊಂಡವು. ಲಾಡ್ಜಿನ ಯಜಮಾನರು ಚಪ್ಪಾಳೆ ತಟ್ಟಿದರು! ನನ್ನ ಮದುವೆಯಲ್ಲೂ ನಾನು ಅಷ್ಟು ಬೀಗಿರಲಿಲ್ಲ.

ಸಂಜೆ ಅತ್ತಿಗೆ ನೋಟ್‌ಬುಕ್ ತೆರೆದು ಪೆನ್ನನ್ನು ನನ್ನ ಕಡೆ ಚಾಚಿದರು.

“ನೀನೇ ಬರಿ. ಕನ್ನಡಕದ ತುಂಬಾ ನೀರು ಕಣೇ, ನಂಗೆ ಏನೋ ಕೆಂಪಗೆ ಕಂಡಿದ್ದಷ್ಟೇ.”

“ಅಯ್ಯೋ, ಹದಿನೆಂಟು ವರ್ಷ ಕಾದು…”

“ನೀನು ನೋಡ್ದೆಯಲ್ಲ, ಬರಿ.”

ಐದನೆಯ ಸಾಲು ನನ್ನ ಅಕ್ಷರದಲ್ಲಿದೆ. ಕೊತ್ತಂಬರಿ ಬರೆದ ಅದೇ ಅಕ್ಷರ!

ಇವತ್ತು ರಾತ್ರಿ ಹುರುಳಿಕಾಯಿ ಪಲ್ಯ, ಅನ್ನ, ಸಾರು. ಅತ್ತಿಗೆಗೆ ಮೇಲೊಂದು ಹಪ್ಪಳ. ನಮ್ಮವರು ಇನ್ನೂ ಟೀವಿ ಮುಂದಿದ್ದರು. “ಯಾವ ಮೂಲೆ ಮೊದಲು ಎದ್ದಿದ್ದೂ?” ಎಂದು ಅತ್ತಿಗೆ ಹಾಸಿಗೆಯಿಂದಲೇ ನಾಲ್ಕನೆಯ ಸಲ ಕೇಳಿದರು. ಪಕ್ಕದಲ್ಲಿ ಕುಳಿತು ಮೊದಲಿನಿಂದ ಹೇಳತೊಡಗಿದೆ. ಎಡಗಡೆಯ ಮೂಲೆಗೆ ಬರುವಷ್ಟರಲ್ಲೇ ಅವರಿಗೆ ನಿದ್ದೆ ಬಂತು. ನಾನು ಐದು ಕ್ಲಿಪ್ಪು ಉಳಿದ ತನಕ ಪೂರ್ತಿ ಹೇಳಿ ಮುಗಿಸಿ, ಆಮೇಲೆ ದೀಪ ಆರಿಸಿದೆ.